ಘಾಟಿನ ಬುಡದಲ್ಲಿ ಐಬು ಹೇಳಿದ ಮೋನಪ್ಪ

ಬಹಳ ಹಿಂದೆ, ಒಂದೂರಲ್ಲಿ ಒಬ್ಬ ಮಿಸ್ತ್ರಿ ಇದ್ದ. ಇಸವಿ ಕೇಳಬೇಡಿ. ಇಸವಿ ಬರೆದಿಡುವವರು ಆಗ ನಮ್ಮ ಕಡೆ ಹುಟ್ಟಿರಲಿಲ್ಲ, ಹುಟ್ಟಿದ್ದರೂ ಅವರಿಗೆ ಬೇರೆ ಕೆಲಸವಿತ್ತು. ಡಾಂಬರು ಬಂದಿತ್ತು, ಮೋಟಾರು ಬಂದಿತ್ತು, ಅಷ್ಟು ತಿಳಿದುಕೊಂಡರೆ ಸಾಕು. ಊರಿನ ಹೆಸರು ಕರೇಮಟ್ಟಿ. ಘಾಟಿನ ಬುಡದಲ್ಲಿ ಊರು, ಘಾಟಿನ ತಲೆಯ ಮೇಲೆ ಆಸ್ಪತ್ರೆ, ನಡುವೆ ಹನ್ನೊಂದು ತಿರುವು. ದೇವರು ಜಡ್ಡನ್ನು ಕೆಳಗಿಟ್ಟು ಮದ್ದನ್ನು ಮೇಲಿಟ್ಟ ಅಂತ ನಮ್ಮವ್ವ ಬಯ್ಯುತ್ತಿದ್ದಳು.

ಮಿಸ್ತ್ರಿಯ ಹೆಸರು ಮೋನಪ್ಪ. ಕಂಬಾರರ ಮನೆತನದವನು. ಅಪ್ಪ ನೇಗಿಲ ಕುಳ ಬಡಿದ, ಕುಡಗೋಲು ಬಡಿದ. ಮಗ ಮೋಟಾರಿಗೆ ಕೈ ಹಾಕಿದ. ಅವನ ಕಿವಿಯ ಬಗ್ಗೆ ಜನ ಏನೇನೋ ಹೇಳುತ್ತಾರೆ. ಇರುವೆ ಕೆಮ್ಮಿದರೂ ಅವನಿಗೆ ಕೇಳುತ್ತಿತ್ತು ಅಂತಾರೆ. ಅದು ಸುಳ್ಳು, ಇರುವೆ ಕೆಮ್ಮುವುದಿಲ್ಲ. ಆದರೆ ದೂರದ ಹಳ್ಳದ ಸೇತುವೆ ಮೇಲೆ ಗಾಡಿ ಬರುವಾಗಲೇ, ಅದು ಯಾರದ್ದು, ಅದರ ಯಾವ ಪ್ಲಗ್ಗಿಗೆ ಮಸಿ ಹಿಡಿದಿದೆ ಅಂತ ಕೂತಲ್ಲಿಂದಲೇ ಹೇಳುತ್ತಿದ್ದನಂತೆ. ಇದನ್ನು ನಾನು ನಂಬುತ್ತೇನೆ. ಯಾಕೆಂದರೆ ನನ್ನ ಸೋದರಮಾವ ನಂಬಿದ್ದ, ಅವನು ತನ್ನ ಹೆಂಡತಿಯನ್ನೂ ನಂಬಿದವನಲ್ಲ.

ಕಿವಿಗೂ ಮೋಟಾರಿಗೂ ಏನು ಸಂಬಂಧ ಅಂತ ಕೇಳುತ್ತೀರಿ. ಇಬ್ಬರು ಹೆಂಗಸರು ಒಂದೇ ಒಳ್ಳಿನಲ್ಲಿ ಕುಟ್ಟುವುದನ್ನು ನೋಡಿದ್ದೀರಾ? ನೋಡಿರುವುದಿಲ್ಲ, ನಿಮ್ಮ ಮನೆಯಲ್ಲಿ ಮಿಕ್ಸರ್ ಇದೆ. ಒಬ್ಬಳ ವನಕೆ ಏಳುವಾಗ ಇನ್ನೊಬ್ಬಳದು ಇಳಿಯಬೇಕು. ರೆಪ್ಪೆ ಮಿಟುಕಿಸುವಷ್ಟು ಮುಂಚೆ ಇಳಿಸಿದಳೋ, ವನಕೆಗೆ ವನಕೆ ತಾಗಿ ಟಕ್ ಅನ್ನುತ್ತದೆ. ತಡ ಮಾಡಿದಳೋ, ಕುಟ್ಟಿದ್ದೇ ಬಂತು, ಕೆಲಸ ಸಾಗುವುದಿಲ್ಲ. ಎಂಜಿನ್ನಿನ ಹೊಟ್ಟೆಯಲ್ಲಿ ಪಿಸ್ಟನ್ ಒಂದು ವನಕೆ, ಪ್ಲಗ್ಗಿನ ಕಿಡಿ ಇನ್ನೊಂದು. ಕಿಡಿ ಮುಂಚೆ ಬಿದ್ದರೆ ಟಕ್ ಟಕ್ ಅಂತ ಒಳಗೇ ಗುದ್ದಾಟ, ಹೆಚ್ಚಾದರೆ ಪಿಸ್ಟನ್ ತೂತು. ತಡವಾಗಿ ಬಿದ್ದರೆ ಗಾಡಿಗೆ ಕಸುವಿಲ್ಲ, ರೇಡಿಯೇಟರ್ ಕುದಿಯುತ್ತದೆ.

ಬಯಲಿನಲ್ಲಿ ಓಡುವಾಗ ಕಿಡಿ ಕೊಂಚ ಮುಂಚೆ ಬೀಳಬೇಕು. ಏರಿನಲ್ಲಿ ಭಾರ ಬಿತ್ತೋ, ಕಿಡಿ ಹಿಂದೆ ಸರಿಯಬೇಕು, ಅಂದರೆ ತುಸು ತಡವಾಗಿ ಬೀಳಬೇಕು. ಅದರ ಮೇಲೆ ನಮ್ಮ ಕಡೆಯ ಡ್ರೈವರುಗಳ ಪುಣ್ಯಕಾರ್ಯ ಒಂದಿತ್ತು, ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುವುದು. ಹಾಲಿಗೆ ನೀರು ಬೆರೆಸುವವಳನ್ನು ಬಾಯಿ ತುಂಬ ಬಯ್ಯುತ್ತಲೇ ಬೆರೆಸುತ್ತಿದ್ದರು. ಸೀಮೆಎಣ್ಣೆ ಬಿದ್ದ ಗಾಡಿಗೆ ಕಿಡಿಯನ್ನು ಇನ್ನಷ್ಟು ಹಿಂದೆ ಸರಿಸಬೇಕು. ಎಷ್ಟು ಹಿಂದೆ? ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಮೋನಪ್ಪನ ಕಿವಿಯಲ್ಲಿ ಮಾತ್ರ ಇತ್ತು.

ಹಾಗಾಗಿ ಘಾಟು ಹತ್ತುವ ಗಾಡಿಗಳೆಲ್ಲ ಬುಡದ ಬೇವಿನ ಮರದ ಕೆಳಗೆ, ಅವನ ಶೆಡ್ಡಿನ ಮುಂದೆ ನಿಲ್ಲುತ್ತಿದ್ದವು. ಎಂಜಿನ್ನಿನ ಪಕ್ಕದಲ್ಲಿ ಕಿಡಿ ಹಂಚುವ ಒಂದು ಡಬ್ಬಿ ಇರುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ, ನಮ್ಮವರ ನಾಲಿಗೆ ಹೊರಳುತ್ತಿರಲಿಲ್ಲ, ಕಿಡಿಡಬ್ಬಿ ಅನ್ನುತ್ತಿದ್ದರು. ಮೋನಪ್ಪ ಕಣ್ಣು ಮುಚ್ಚಿ, ಬಗ್ಗಿ ಕೇಳಿ, ಆ ಡಬ್ಬಿಯನ್ನು ಗೋದಿಕಾಳಿನಷ್ಟು ತಿರುಗಿಸಿ, ನಟ್ಟು ಬಿಗಿದು, ಹೂಂ ಅನ್ನುತ್ತಿದ್ದ. ಅವನು ಹೂಂ ಅಂದ ಗಾಡಿ ಮೇಲೆ ಹತ್ತಿಯೇ ತೀರುತ್ತಿತ್ತು ಅಂತಾರೆ. ಮೇಲೆ ಹೋದ ಮೇಲೆ ಡ್ರೈವರೇ ಅದನ್ನು ಬಯಲಿನ ಗುರುತಿಗೆ ತಿರುಗಿಸಿಕೊಳ್ಳುತ್ತಿದ್ದ.

ಆದರೆ ಕಂಬಾರನ ಮಗ, ನೋಡಿ. ಹುಟ್ಟಿದಾಗಿನಿಂದ ಸುತ್ತಿಗೆಯ ಪೆಟ್ಟಿನ ಪಕ್ಕದಲ್ಲಿ ಬೆಳೆದವನು. ಆಮೇಲೆ ದಿನವಿಡೀ ಎಂಜಿನ್ನಿನೊಳಗೆ ತಲೆ. ಐವತ್ತು ದಾಟುವ ಹೊತ್ತಿಗೆ ಕಿವಿ ಸೋಲತೊಡಗಿದವು. ಮೊದಲು ಹೋದದ್ದು ಗುಬ್ಬಿಯ ದನಿ. ಆಮೇಲೆ ಹೆಂಡತಿ ನೀಲವ್ವನ ದನಿ. ಹೆಂಡತಿಯ ದನಿ ಕೇಳಿಸದಿದ್ದರೆ ಅದು ಕಿವುಡುತನ ಅಂತ ಯಾವ ಗಂಡಸಿಗೆ ಹೊಳೆದೀತು, ನೀವೇ ಹೇಳಿ. ಕಡೆಗೆ ಒಂದು ದಿನ ಎಂಜಿನ್ನಿನ ಆ ಟಕ್ ಕೂಡ ಕೇಳಿಸದೆ ಹೋಯಿತು.

ಅವನು ಯಾರಿಗೂ ಹೇಳಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಅಂದಾಜಿನ ಮೇಲೆ ಡಬ್ಬಿ ತಿರುಗಿಸಿ ಹೂಂ ಅನ್ನತೊಡಗಿದ. ಜನ ಏನಂದರು ಗೊತ್ತೇ? ಮೋನಪ್ಪನಿಗೆ ಈಗ ಅಂಗೈಯಲ್ಲೂ ಕಿವಿ ಮೂಡಿವೆ ಅಂದರು! ಇರುವೆ ಕೆಮ್ಮಿದ ಕಥೆ ಹುಟ್ಟಿದ್ದೂ ಆ ವರ್ಷಗಳಲ್ಲೇ. ಕಿವಿ ಸತ್ತಷ್ಟೂ ಹೆಸರು ಬೆಳೆಯಿತು. ನೀಲವ್ವನಿಗೆ ಮಾತ್ರ ಗೊತ್ತಿತ್ತು. ಹೇಳಿಬಿಡಿ ಅಂತ ಅವಳು ಕೈ ಸನ್ನೆ ಮಾಡಿ ಗೋಗರೆದಳಂತೆ. ಕಿವಿಯಿಲ್ಲದ ಮಿಸ್ತ್ರಿಯ ಹತ್ತಿರ ಯಾರು ಬಂದಾರು ಅಂತ ಅವನು ತಲೆಯಾಡಿಸಿದನಂತೆ. ಅಂದಾಜು ಎಷ್ಟೋ ಸಲ ಸರಿಯಾಗಿಯೇ ಇರುತ್ತಿತ್ತು. ಅದೇ ಕೆಟ್ಟದ್ದಾಯಿತು.

ಊರಲ್ಲಿ ಸಾವಂತ್ರೆವ್ವ ಅಂತ ಒಬ್ಬಳಿದ್ದಳು. ಹಳೆ ಸೀರೆಯ ತುಂಡು ಸೇರಿಸಿ ಕೌದಿ ಹೊಲಿಯುವವಳು, ಚೊಚ್ಚಲ ಬಸುರಿ. ಒಂದು ದಿನ ಮಧ್ಯಾಹ್ನ ಬೇನೆ ಶುರುವಾಯಿತು. ಕೂಸು ಅಡ್ಡ ಬಂದಿದೆ, ನನ್ನ ಕೈಯಲ್ಲಿ ಆಗುವುದಿಲ್ಲ, ಮೇಲೆ ಒಯ್ಯಿರಿ ಅಂದಳು ಸೂಲಗಿತ್ತಿ. ಊರಿಗೆಲ್ಲ ಇದ್ದದ್ದು ಭರಮಪ್ಪನ ಜೀಪು ಒಂದೇ. ಬೇವಿನ ಕೆಳಗೆ ನಿಂತಿತು. ಮೋನಪ್ಪ ಅಂಗೈ ಇಟ್ಟ, ಡಬ್ಬಿ ತಿರುಗಿಸಿದ, ಹೂಂ ಅಂದ.

ಐದನೆಯ ತಿರುವಿನಲ್ಲಿ ಎಂಜಿನ್ ಟಕ್ ಟಕ್ ಅನ್ನತೊಡಗಿತು. ಭರಮಪ್ಪನಿಗೂ ಕೇಳಿಸಿತು, ಒಳಗಿದ್ದ ಹೆಂಗಸರಿಗೂ ಕೇಳಿಸಿತು. ಆದರೆ ಮೋನಪ್ಪ ಹೂಂ ಅಂದಿದ್ದನಲ್ಲ! ಅವನಿಗೆ ಗೊತ್ತಾಗದ್ದು ನನಗೇನು ಗೊತ್ತಾದೀತು ಅಂತ ಭರಮಪ್ಪ ಇನ್ನೂ ಜೋರಾಗಿ ತುಳಿದ. ಎಂಟನೆಯ ತಿರುವಿನಲ್ಲಿ ಪಿಸ್ಟನ್ ತೂತಾಗಿ, ನೀಲಿ ಹೊಗೆ ಕಾರಿ, ಜೀಪು ನಿಂತಿತು. ಉಳಿದ ಮೂರು ತಿರುವು ಅವಳನ್ನು ಅವಳದೇ ಕೌದಿಯಲ್ಲಿ ಮಲಗಿಸಿ, ನಾಲ್ಕು ಮೂಲೆ ಹಿಡಿದು ಹೊತ್ತರು. ಸಾವಂತ್ರೆವ್ವ ಉಳಿದಳು. ಕೂಸು ಉಳಿಯಲಿಲ್ಲ.

ಐದನೆಯ ದಿನ ಮೋನಪ್ಪ ಅವಳ ಮನೆ ಬಾಗಿಲಿಗೆ ಹೋಗಿ ನಿಂತ. ತನಗೆ ಕಿವಿ ಹೋಗಿವೆ, ಮೂರು ವರ್ಷದಿಂದ ಕೇಳಿಸಿದಂತೆ ನಟಿಸುತ್ತಿದ್ದೇನೆ, ನೀನು ಹೋದ ಜೀಪಿಗೂ ಅಂದಾಜಿನ ಮೇಲೆಯೇ ಹೂಂ ಅಂದೆ ಅಂತ ಹೇಳಿದ. ಕಿವುಡರ ಮಾತು ಜೋರು. ಓಣಿಗೆಲ್ಲ ಕೇಳಿತು. ಬಾವಿಯಿಂದ ಬರುತ್ತಿದ್ದವರು ಕೊಡ ಹೊತ್ತುಕೊಂಡೇ ನಿಂತರು.

ಸಾವಂತ್ರೆವ್ವ ಎದ್ದು ಹೊಸ್ತಿಲಿಗೆ ಬಂದಳು. ಆಮೇಲೆ ಮೆಲ್ಲಗೆ ಅಂದಳು: "ಕಾಕಾ, ಕಿವಿ ಹೋಗಿದ್ದು ನಿನ್ನ ತಪ್ಪಲ್ಲ. ಹೋಗ್ಯಾವು ಅಂತ ಹೇಳಿದ್ರ ನಾ ಎತ್ತಿನ ಚಕ್ಕಡ್ಯಾಗರ ಹೋಗತಿದ್ದೆ."

ಅವನಿಗೆ ಅದೂ ಕೇಳಿಸಲಿಲ್ಲ. ಜೊತೆಗೆ ಬಂದಿದ್ದ ನೀಲವ್ವ ಅವನ ಕಿವಿಗೆ ಬಾಯಿ ಹಚ್ಚಿ ಅದೇ ಮಾತನ್ನು ಕೂಗಿ ಹೇಳಬೇಕಾಯಿತು. ಒಮ್ಮೆ ಹೇಳಿದರೆ ತಿಳಿಯಲಿಲ್ಲ, ಎರಡು ಸಲ ಕೂಗಿದಳಂತೆ. ಅಂಥ ಮಾತನ್ನು ಗಂಡನ ಕಿವಿಯಲ್ಲಿ ಎರಡು ಸಲ ಕೂಗುವುದು ಎಂಥ ಸಂಕಟ!

ಮೋನಪ್ಪ ಶೆಡ್ಡಿಗೆ ಬೀಗ ಹಾಕಿದ. ನಲವತ್ತು ದಿನ ಬಾಗಿಲು ತೆಗೆಯಲಿಲ್ಲ ಅಂತಾರೆ. ನಮ್ಮ ಕಥೆಗಳಲ್ಲಿ ಏನಾದರೂ ನಲವತ್ತೇ ದಿನ, ನಾಲ್ಕೇ ಇದ್ದೀತು. ಒಳಗೆ ಅವನು ಭರಮಪ್ಪನ ಎಂಜಿನ್ನನ್ನು ಬಿಚ್ಚಿ ಹೊಸ ಪಿಸ್ಟನ್ ಕೂರಿಸಿದ. ಚಾಲೂ ಮಾಡಿದ. ಎರಡೂ ಕೈಯಲ್ಲಿ ಕೆಲಸವಿತ್ತು, ಉದ್ದನೆಯ ಸ್ಕ್ರೂ ಡ್ರೈವರನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ. ಬಗ್ಗಿದಾಗ ಅದರ ತುದಿ ಎಂಜಿನ್ನಿಗೆ ತಾಗಿತು. ದವಡೆಯಲ್ಲಿ ಟಕ್ ಅಂದಿತು. ಡಬ್ಬಿಯನ್ನು ಹಿಂದೆ ತಿರುಗಿಸಿದ, ನಿಂತಿತು. ಮುಂದೆ ತಿರುಗಿಸಿದ, ಮತ್ತೆ ಟಕ್.

ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಶೆಡ್ಡು ತೆಗೆದು, ಹಲ್ಲಿನಿಂದ ಕೇಳುವ ಮೋನಪ್ಪ ಅಂತ ಹೊಸ ಹೆಸರು ಗಳಿಸುತ್ತಿದ್ದ. ಇವನು ಹಾಗೆ ಮಾಡಲಿಲ್ಲ. ಹಲ್ಲೂ ಒಂದು ದಿನ ಉದುರುತ್ತವೆ, ಅದನ್ನೂ ನಾನು ಮುಚ್ಚಿಡುತ್ತೇನೆ ಅಂತ ನೀಲವ್ವನಿಗೆ ಹೇಳಿದನಂತೆ. ಮನುಷ್ಯನ ಮೈಯ ಮೇಲೆ ನಿಂತ ಕೆಲಸ ಮನುಷ್ಯನ ಜೊತೆಗೇ ಸೋಲುತ್ತದೆ ಅಂದನಂತೆ. ಸ್ಕ್ರೂ ಡ್ರೈವರನ್ನು ಕೈಯಲ್ಲಿ ಹಿಡಿದುಕೊಂಡೇ ಹುಸೇನಬಿಯ ಅಂಗಡಿಗೆ ನಡೆದ.

ಹುಸೇನಬಿ ರೇಡಿಯೋ ರಿಪೇರಿಯವಳು. ಗಂಡ ತೀರಿದ ಮೇಲೆ ಅವನ ಅಂಗಡಿಯನ್ನೂ ಬೆಸುಗೆ ಕಡ್ಡಿಯನ್ನೂ ಬಿಡದೆ ಹಿಡಿದವಳು. ಹೆಣ್ಣುಮಗಳಿಗೆ ಯಾಕೆ ಬೇಕು ಈ ಉಸಾಬರಿ ಅಂದವರ ರೇಡಿಯೋಗಳೂ ಅವಳ ಹತ್ತಿರವೇ ರಿಪೇರಿಗೆ ಬರುತ್ತಿದ್ದವು. ಮೋನಪ್ಪ ಎಲ್ಲ ಹೇಳಿದ. ಅವಳು ಕೆಟ್ಟುಹೋದ ಗ್ರಾಮಫೋನಿನಿಂದ ಸೂಜಿ ಹಿಡಿಯುವ ಪುಟ್ಟ ಹರಳನ್ನು ಕಿತ್ತು ಅವನ ಅಂಗೈಯಲ್ಲಿಟ್ಟಳು. ಹಲಗೆಯ ಮೇಲೆ ಬಳಪದಿಂದ ಬರೆದಳು: "ಮಿಸ್ತ್ರಿ ಅಣ್ಣಾ, ಸೂಜಿ ಅಲುಗಿದ್ರ ಈ ಹರಳು ಕರೆಂಟು ಹುಟ್ಟಸತೈತಿ. ನಿಮ್ಮ ಕಬ್ಬಿಣ ಅಲುಗಿದ್ರ ಯಾಕ ಹುಟ್ಟಸಬಾರದು?"

ಅಲ್ಲಿಂದ ಇಬ್ಬರ ತಪಸ್ಸು. ಎಂಜಿನ್ನಿಗೆ ಹರಳು ಕಟ್ಟಿದರು, ಹರಳಿನಿಂದ ತಂತಿ ಎಳೆದು, ರೇಡಿಯೋದಲ್ಲಿ ದನಿ ದೊಡ್ಡದು ಮಾಡುವ ಭಾಗದ ಮೂಲಕ ಒಂದು ಸಣ್ಣ ಬಲ್ಬಿಗೆ ಹಾಯಿಸಿದರು. ಮೋನಪ್ಪ ಸ್ಕ್ರೂ ಡ್ರೈವರ್ ಕಚ್ಚಿ ನಿಲ್ಲುವನು, ದವಡೆಗೆ ಟಕ್ ಅಂದಾಗ ಕೈ ಎತ್ತುವನು. ಅದೇ ಹೊತ್ತಿಗೆ ಬಲ್ಬು ಹತ್ತಿತೇ ಅಂತ ಹುಸೇನಬಿ ನೋಡುವಳು. ಹತ್ತಿತು! ಆಮೇಲೆ ಅವಳು ರೇಡಿಯೋದ ಸಾಮಾನುಗಳನ್ನೇ ಸೇರಿಸಿ ಒಂದು ಪೆಟ್ಟಿಗೆ ಮಾಡಿದಳು, ನೀಲವ್ವನ ಚಹಾಪುಡಿ ಡಬ್ಬಿಯಲ್ಲಿ. ಟಕ್ ಅಂದರೆ ಪೆಟ್ಟಿಗೆ ಕಿಡಿಯನ್ನು ತಡೆದು ಒಂದಿಷ್ಟು ಹಿಂದೆ ಸರಿಸಬೇಕು. ಸದ್ದು ನಿಂತರೆ ಮೆಲ್ಲಮೆಲ್ಲಗೆ ಮುಂದೆ ತರಬೇಕು. ಮತ್ತೆ ಟಕ್ ಅಂದರೆ ಮತ್ತೆ ಹಿಂದೆ. ಕೈಯಿಂದ ತಿರುಗಿಸುವ ಮಾತೇ ಇಲ್ಲ.

ಮೊದಲ ಸಲ ಜೀಪಿಗೆ ಕಟ್ಟಿ ಹತ್ತಿದರೆ ಎರಡನೆಯ ತಿರುವಿನಲ್ಲೇ ರೇಡಿಯೇಟರ್ ಕುದಿಯಿತು. ಪೆಟ್ಟಿಗೆಗೆ ಯಾವ ಸದ್ದಾದರೂ ಒಂದೇ. ಬಾಗಿಲು ಗಡಗಡ ಅಂದರೂ ಟಕ್, ಕಲ್ಲು ಸಿಡಿದರೂ ಟಕ್. ಅಂಜುಬುರುಕ ಪೆಟ್ಟಿಗೆ ಕಿಡಿಯನ್ನು ಹಿಂದೆ ಹಿಂದೆ ಸರಿಸಿ ಗಾಡಿಯ ಕಸುವನ್ನೇ ತೆಗೆದುಬಿಟ್ಟಿತ್ತು. ಬೆಟ್ಟ ಅಗೆದು ಇಲಿ ಹಿಡಿದರು ಅಂತ ಊರು ನಕ್ಕಿತು. ಹುಸೇನಬಿ ಮೂರು ದಿನ ಅಂಗಡಿ ತೆಗೆಯಲಿಲ್ಲ.

ದಾರಿ ಹೊಳೆದದ್ದು ಮೋನಪ್ಪನಿಗೆ. ಅವನು ನಲವತ್ತು ವರ್ಷ ಕೇಳಿದ್ದು ಹೇಗೆ ಅಂತ ತನಗೇ ಕೇಳಿಕೊಂಡ. ಎಲ್ಲ ಸದ್ದನ್ನೂ ಕೇಳುತ್ತಿದ್ದನೇ? ಇಲ್ಲ. ಕಿಡಿ ಬಿದ್ದ ಮರುಕ್ಷಣ ಮಾತ್ರ ಕಿವಿ ಕೊಡುತ್ತಿದ್ದ, ಉಳಿದ ಹೊತ್ತು ಲಕ್ಷ್ಯವೇ ಇರುತ್ತಿರಲಿಲ್ಲ. ಯಾಕೆಂದರೆ ಆ ಗುದ್ದು ಹುಟ್ಟುವುದೇ ಕಿಡಿಯ ಬೆನ್ನಿಗೆ. "ತಂಗಿ, ಕಿಡಿ ಬಿದ್ದ ಮ್ಯಾಲ ಚೂರು ಹೊತ್ತು ಅಷ್ಟ ಅದರ ಕಿವಿ ತೆಗಿ. ಉಳಿದ ಹೊತ್ತು ಮುಚ್ಚಿಬಿಡು," ಅಂದ. ಹುಸೇನಬಿ ತಲೆ ಚಚ್ಚಿಕೊಂಡು ನಕ್ಕಳಂತೆ. ಪೆಟ್ಟಿಗೆಯನ್ನು ಮತ್ತೆ ಬಿಚ್ಚಿದಳು. ಈ ಸಲ ಬಾಗಿಲು ಎಷ್ಟು ಬಡಿದರೂ ಬಲ್ಬು ಹತ್ತಲಿಲ್ಲ.

ಅಷ್ಟರಲ್ಲಿ ಎರಡು ವರ್ಷ ದಾಟಿತ್ತು. ಸಾವಂತ್ರೆವ್ವ ಮತ್ತೆ ತುಂಬಿದ ಬಸುರಿ. ಈ ಸಲವೂ ಕೂಸು ತಿರುಗಿಲ್ಲ ಅಂದಳು ಸೂಲಗಿತ್ತಿ. ಬೇನೆ ಹೇಳಿದ ದಿನಕ್ಕಿಂತ ಮುಂಚೆಯೇ ಬಂತು, ನಡುಹಗಲಲ್ಲಿ, ಮತ್ತೆ ಅದೇ ಭರಮಪ್ಪನ ಜೀಪು, ಮತ್ತೆ ಅದೇ ಬೇವು. ಚಕ್ಕಡಿಯಲ್ಲಿ ಹೋದರೆ ಸಂಜೆಯಾಗುತ್ತಿತ್ತು, ಅಷ್ಟು ಹೊತ್ತು ಅವಳ ಹತ್ತಿರ ಇರಲಿಲ್ಲ. ಬಾನೆಟ್ಟಿನ ಕೆಳಗೆ ಚಹಾಪುಡಿ ಡಬ್ಬಿ ಇತ್ತು, ಅದರ ಬಲ್ಬು ಸ್ಟೇರಿಂಗಿನ ಪಕ್ಕದಲ್ಲಿತ್ತು. ಬುಡದಲ್ಲಿ ಊರಿಗೆ ಊರೇ ನೆರೆದಿತ್ತು.

ಸಾವಂತ್ರೆವ್ವ ಜೀಪಿನ ಬಾಗಿಲು ಹಿಡಿದು ನಿಂತಳು. ಹತ್ತಲಿಲ್ಲ. ಬೇನೆ ಬಂದಾಗ ಹಲ್ಲು ಕಚ್ಚಿ, ಹೋದಾಗ ಅಂದಳು: "ಯಾರ್ಯಾರದು ಏನೇನು ಐಬು ಐತಿ, ಈಗ ಹೇಳ್ರಿ. ಅರ್ಧಾ ಹಾದ್ಯಾಗ ಬ್ಯಾಡ."

ಹುಸೇನಬಿ ಅದನ್ನು ಹಲಗೆಯಲ್ಲಿ ಬರೆದು ತೋರಿಸಿದಳು. ಮೊದಲು ಬಾಯಿಬಿಟ್ಟವನು ಮೋನಪ್ಪ. ತನಗೆ ಕಿವಿ ಇಲ್ಲ ಅಂದ. ಈ ಪೆಟ್ಟಿಗೆ ಹತ್ತು ಸಲ ಘಾಟು ಹತ್ತಿದೆ, ಒಂದು ಸಲ ತಂತಿ ಕಳಚಿತ್ತು ಅಂದ. ಕಳಚಿದರೆ ಕಿಡಿ ಹಿಂದೆ ಬಿದ್ದು ಗಾಡಿ ಆಮೆಯ ಹಾಗೆ ಹೋಗುತ್ತದೆ, ಒಡೆಯುವುದಿಲ್ಲ ಅಂದ. ಹುಸೇನಬಿ ತಾನು ಹುಟ್ಟಿದಾಗಿನಿಂದ ಘಾಟು ಹತ್ತಿಲ್ಲ, ಕೆಳಗೆ ನೋಡಿದರೆ ತಲೆ ತಿರುಗುತ್ತದೆ ಅಂದಳು. ಜನ ನಕ್ಕರು. ಆಮೇಲೆ ಎಲ್ಲರೂ ಭರಮಪ್ಪನ ಕಡೆ ನೋಡಿದರು.

ಭರಮಪ್ಪ ಸ್ಟೇರಿಂಗಿನ ಮೇಲೆ ಹಣೆ ಇಟ್ಟ. "ಟಾಕಿಗೆ ಸೀಮಿಎಣ್ಣಿ ಹಾಕೇನವ್ವ," ಅಂದ. "ಹೋದ ಸಲನೂ ಹಾಕಿದ್ದೆ. ಮಿಸ್ತ್ರಿ ಅಣ್ಣನ ಹೆಸರಿಗೆ ಬಂತು, ನಾ ಸುಮ್ಮನಾದೆ."

ಕೇಳಿದಿರಾ? ಎರಡು ವರ್ಷ ಆ ಕಿವುಡ ಒಬ್ಬನೇ ಹೊತ್ತಿದ್ದ ಹೊರೆಯಲ್ಲಿ ಅರ್ಧ ಇವನದು. ಗಂಡಸರು ಕೈ ಎತ್ತಿಕೊಂಡು ಜೀಪಿನತ್ತ ನುಗ್ಗಿದರು. ನಾನಲ್ಲಿದ್ದಿದ್ದರೆ ಎಲ್ಲರಿಗಿಂತ ಮೊದಲು ಕಪಾಳಕ್ಕೆ ಬಾರಿಸುತ್ತಿದ್ದೆ, ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಆದರೆ ಸಾವಂತ್ರೆವ್ವ ಅಡ್ಡ ಬಂದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತಂತೆ, ಆದರೂ ಅಡ್ಡ ಬಂದಳು. "ಹೇಳಿದವನ್ನ ಬಯ್ಯಬ್ಯಾಡ್ರಿ. ಇವತ್ತ ಬೈದ್ರ ನಾಳೆ ಯಾರೂ ಹೇಳಂಗಿಲ್ಲ."

ಹುಸೇನಬಿ ಭರಮಪ್ಪನ ಮಾತನ್ನು ಬರೆದು ತೋರಿಸಿದಳು. ಮೋನಪ್ಪ ಓದಿದ. ಭರಮಪ್ಪನ ಮುಖವನ್ನು ಒಂದಿಷ್ಟು ಹೊತ್ತು ನೋಡಿದ. ಬೇರೆ ಪೆಟ್ರೋಲು ಹುಡುಕಿ ತರುವಷ್ಟು ಹೊತ್ತಿಲ್ಲ ಅಂತ ಅವನಿಗೂ ಗೊತ್ತಿತ್ತು. ಹಾಗಾದರೆ ತುಳಿಯುವುದು ಕಡಿಮೆ ಮಾಡು, ಉಳಿದದ್ದು ಪೆಟ್ಟಿಗೆ ನೋಡಿಕೊಳ್ಳುತ್ತದೆ ಅಂತ ಹೇಳಿ ಮುಂದಿನ ಸೀಟಿನಲ್ಲಿ ಕೂತ. ಹುಸೇನಬಿ ಸಾವಂತ್ರೆವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

ಮೂರನೆಯ ತಿರುವಿನಲ್ಲೇ ಬಲ್ಬು ಹತ್ತಿತು. ಎಂಜಿನ್ ಒಮ್ಮೆ ಟಕ್ ಅಂದು ಸುಮ್ಮನಾಯಿತು. ಬಲ್ಬು ಆರಿತು. ಐದರಲ್ಲಿ ಮತ್ತೆ ಹತ್ತಿತು, ಮತ್ತೆ ಆರಿತು. ಸೀಮೆಎಣ್ಣೆಯ ಗಾಡಿ ದಮ್ಮು ಕಟ್ಟಿಕೊಂಡು ಏರಿತು, ನಡೆಯುವವರಿಗಿಂತ ತುಸು ಜೋರು ಅಷ್ಟೇ. ಎಂಟನೆಯ ತಿರುವಿನಲ್ಲಿ ಬಲ್ಬು ಹತ್ತಿ ಹತ್ತಿ ಆರುತ್ತಿತ್ತು. ಭರಮಪ್ಪ ತುಳಿಯುವುದನ್ನು ಇನ್ನಷ್ಟು ಕಡಿಮೆ ಮಾಡಿದ. ಮೋನಪ್ಪ ಎಂಜಿನ್ನಿನ ಕಡೆ ನೋಡಲೂ ಇಲ್ಲ, ಸ್ಕ್ರೂ ಡ್ರೈವರ್ ಹುಡುಕಲೂ ಇಲ್ಲ. ಬಲ್ಬನ್ನೇ ನೋಡುತ್ತ ಕೂತಿದ್ದ. ಅದು ಆರಿದಾಗಲೆಲ್ಲ ಅವನ ಮುಖ ಅರಳುತ್ತಿತ್ತಂತೆ. ಹನ್ನೊಂದನೆಯ ತಿರುವು ದಾಟಿದಾಗ ರೇಡಿಯೇಟರಿನಿಂದ ಉಗಿ ಬರುತ್ತಿತ್ತು, ಆದರೆ ಪಿಸ್ಟನ್ನಿಗೆ ಏನೂ ಆಗಿರಲಿಲ್ಲ.

ಹೆಣ್ಣು ಕೂಸು. ಎಂಜಿನ್ ತಣ್ಣಗಾಗುವ ಮೊದಲೇ ಹುಟ್ಟಿತು ಅಂತಾರೆ. ಅಷ್ಟು ಬೇಗ ಆಗಿರಲಿಕ್ಕಿಲ್ಲ, ಆದರೆ ಬದುಕಿ ಹುಟ್ಟಿತು, ಅದು ಖರೆ. ಕೂಸು ಅತ್ತದ್ದು ಮೋನಪ್ಪನಿಗೆ ಕೇಳಿಸಿತು ಅಂತ ಕೆಲವರು ಸೇರಿಸಿ ಹೇಳುತ್ತಾರೆ. ಇಲ್ಲ, ಕೇಳಿಸಲಿಲ್ಲ. ಹುಸೇನಬಿ ಹಲಗೆಯಲ್ಲಿ ಬರೆದು ತೋರಿಸಿದಳು. ಅವನು ಆ ಹಲಗೆಯನ್ನು ಅಳಿಸಲು ಬಿಡಲಿಲ್ಲವಂತೆ, ಪಾಪ.

ಆಮೇಲೆ ಘಾಟಿನ ಗಾಡಿಗಳಿಗೆಲ್ಲ ಹುಸೇನಬಿಯ ಪೆಟ್ಟಿಗೆ ಬಂತು. ಊರಲ್ಲಿ ಚಹಾಪುಡಿ ಡಬ್ಬಿಗೆ ಬರ ಬಂತು ಅಂತಾರೆ. ಈಗಿನ ಕಾರುಗಳಲ್ಲಿ ಕಿಡಿಯ ಹೊತ್ತನ್ನು ನೋಡಿಕೊಳ್ಳುವ ಕಂಪ್ಯೂಟರ್ ಕಾರ್ಖಾನೆಯಿಂದಲೇ ಬರುತ್ತದೆ. ಮೊದಲು ಕಂಡುಹಿಡಿದವರು ನಾವೇ ಅಂತ ಕರೇಮಟ್ಟಿಯವರು ಎದೆ ತಟ್ಟಿಕೊಳ್ಳುತ್ತಾರೆ. ಬಿಡಿ, ಎಲ್ಲೋ ಯಾರೋ ಓದಿದವರು ಅವರ ಪಾಡಿಗೆ ಮಾಡಿರುತ್ತಾರೆ. ಮೋನಪ್ಪ ತೀರಿಕೊಂಡ, ನೀಲವ್ವ ತೀರಿಕೊಂಡಳು, ಹುಸೇನಬಿಯೂ ಹೋದಳು. ಶೆಡ್ಡಿದ್ದಲ್ಲಿ ಈಗ ಟೈರಿನ ಅಂಗಡಿ ಇದೆ.

ಆದರೆ ಗಾಡಿಗಳು ಇವತ್ತಿಗೂ ಆ ಬೇವಿನ ಕೆಳಗೆ ನಿಲ್ಲುತ್ತವೆ. ಡಬ್ಬಿ ತಿರುಗಿಸಲಿಕ್ಕಲ್ಲ. ಡ್ರೈವರ್ ಕೆಳಗಿಳಿದು, ಹತ್ತುವವರೆಲ್ಲರಿಗೂ ಕೇಳುವ ಹಾಗೆ ತನ್ನ ಐಬು ಹೇಳಬೇಕು. ಕಿವುಡರಿಗೂ ಕೇಳುವಷ್ಟು ಜೋರಾಗಿ ಹೇಳಬೇಕು ಅಂತ ನೇಮ. ಒಬ್ಬ ಹಿಂದಿನ ಟೈರು ಸವೆದಿದೆ ಅನ್ನುತ್ತಾನೆ. ಒಬ್ಬ ಎಡಗಣ್ಣು ಮಂಜು ಅನ್ನುತ್ತಾನೆ. ಕುಡಿದವನು ಕುಡಿದಿದ್ದೇನೆ ಅನ್ನುತ್ತಾನೆ, ಬೇರೆಯವನು ಸ್ಟೇರಿಂಗ್ ಹಿಡಿಯುತ್ತಾನೆ. ಹೇಳಿದವನನ್ನು ಯಾರೂ ಬಯ್ಯುವ ಹಾಗಿಲ್ಲ. ಇದ್ದ ಐಬನ್ನು ಇಲ್ಲ ಅಂದವನ ಗಾಡಿಗೆ ಮಾತ್ರ ಯಾರೂ ಹತ್ತುವುದಿಲ್ಲ.

ಹೋದ ವರ್ಷ ಘಾಟಿನ ಮೇಲೆ ಮೊಮ್ಮಗಳ ಲಗ್ನಕ್ಕೆ ಅಂತ ನಾವು ಐವತ್ತು ಜನ ಬಸ್ಸು ಮಾಡಿಕೊಂಡು ಹೊರಟಿದ್ದೆವು. ಹೊಚ್ಚ ಹೊಸ ಬಸ್ಸು, ಮುಂದೆಲ್ಲ ಬಣ್ಣಬಣ್ಣದ ದೀಪ, ಐಬು ಅನ್ನುವುದು ಹುಡುಕಿದರೂ ಇಲ್ಲ. ಡ್ರೈವರ್ ಬೇರೆ ಸೀಮೆಯವನು. ಬುಡದಲ್ಲಿ ಇಳಿಸಿ ಕೇಳಿದೆವು. ಮೊದಲು ನಕ್ಕ. ಆಮೇಲೆ ನಮ್ಮ ಮುಖಗಳನ್ನು ನೋಡಿದ. ತಲೆ ತಗ್ಗಿಸಿ, ಎರಡು ದಿನದಿಂದ ನಿದ್ದೆಯಿಲ್ಲ, ಹೇಳಿದರೆ ಕೆಲಸ ಹೋಗುತ್ತದೆ ಅಂದ. ಯಾರೂ ಬಯ್ಯಲಿಲ್ಲ. ಬಸ್ಸಿನಲ್ಲಿದ್ದ ನಮ್ಮ ಹಳೆಯ ಬೀಗರೇ ಅವನಿಗೆ ಕೌದಿ ಹಾಸಿಕೊಟ್ಟರು. ಅವನು ಮಲಗಿದ, ನಾವು ಐವತ್ತು ಜನ ರೇಷ್ಮೆ ಸೀರೆ, ಜರಿ ಧೋತರ ಉಟ್ಟುಕೊಂಡು ಸುತ್ತ ಕೂತು ನೊಣ ಹೊಡೆದೆವು. ಅತ್ತ ಮೇಲೆ ನಾವಿಲ್ಲದೆಯೇ ಅಕ್ಕಿಕಾಳು ಬಿದ್ದು, ವಾಲಗ ಮುಗಿದು, ಊಟದ ಎಲೆ ಎತ್ತಿದರು. ಅವನು ಎದ್ದಾಗ ಮೂರು ಗಂಟೆ. ಮುಖ ತೊಳೆದು ಬಂದು, ಈಗ ಹೋಗೋಣ ಅಂದ. ಹೋದೆವು.